ಕೋವಿಯ ತುದಿಯ ಕಾಣದ ಮಣಿ

ಕೈಲ್ ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನ ಬಯಲುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸಂಭ್ರಮ. ಕೈ ನಡುಗದ, ಉಸಿರು ಏರದ ಹಳೆಯ ಗುರಿಕಾರರೂ ಈಗೀಗ ಗುರಿ ತಪ್ಪುತ್ತಾರೆ. ಅವರ ದೂರು ಒಂದೇ: ನಳಿಗೆಯ ತುದಿ ಮಸುಕು! ಬಣ್ಣದ ಒಂದು ಹನಿ, ಕರ್ಪೂರದ ಮಸಿ, ಕನ್ನಡಕದ ಅರ್ಧ ನಂಬರು ಈ ಮಸುಕನ್ನು ಕಳೆಯಬಲ್ಲವು.

ಸೆಪ್ಟೆಂಬರ್ ಮೊದಲ ವಾರ. ಮಳೆ ಬಿಟ್ಟು ಇನ್ನೂ ಅರ್ಧ ಗಂಟೆಯಾಗಿಲ್ಲ. ಬಯಲಿನಾಚೆಯ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಯಿಂದ ನೀರು ತೊಟ್ಟಿಕ್ಕುತ್ತಿದೆ. ಕಾಯಿಯ ಹಿಂದೆ ಕಡುಹಸಿರು ಎಲೆ, ಎಲೆಯ ಹಿಂದೆ ಬೂದು ಮೋಡ. ಜನ ಗೆರೆಯ ಹಿಂದೆ ಒತ್ತೊತ್ತಾಗಿ ನಿಂತಿದ್ದಾರೆ.

ಅರವತ್ತು ದಾಟಿದ ಒಬ್ಬರು ಮುಂದೆ ಬರುತ್ತಾರೆ. ಕೊಡವ ಉಡುಪು ಕುಪ್ಯಚೇಲೆಯ ತೋಳು ಸರಿಪಡಿಸಿಕೊಂಡು ಪಾಯಿಂಟ್ 22 ರೈಫಲ್ಲನ್ನು ಭುಜಕ್ಕೇರಿಸುತ್ತಾರೆ. ಕೆನ್ನೆ ಹಿಡಿಗೆ ಅಂಟಿದೆ, ಮೊಣಕೈ ಕದಲುವುದಿಲ್ಲ. ಆದರೂ ಗುಂಡು ಹಾರುವುದಿಲ್ಲ. ಕೋವಿ ಇಳಿಸಿ ಕಣ್ಣು ಒರೆಸಿಕೊಳ್ಳುತ್ತಾರೆ. ಮತ್ತೆ ಏರಿಸುತ್ತಾರೆ.

‘ಏನಾಯ್ತು ಮಾವ?’ ಹಿಂದಿನಿಂದ ಹುಡುಗನೊಬ್ಬ ಕೇಳುತ್ತಾನೆ.

‘ಕಾಯಿ ಕಾಣ್ತದೆ ಮಾರಾಯ. ತುದಿ ಕಾಣೋದಿಲ್ಲ.’

ಗುಂಡು ಹಾರುತ್ತದೆ. ಕಾಯಿಯ ಪಕ್ಕದ ಎಲೆ ಅಲುಗುತ್ತದೆ.

ತೆರೆದ ಸೈಟಿನ ಕೋವಿ ಹಿಡಿದವರೆಲ್ಲರೂ ವಯಸ್ಸು ನಲವತ್ತು ದಾಟಿದ ಮೇಲೆ ಒಂದಲ್ಲ ಒಂದು ದಿನ ಆಡುವ ಮಾತಿದು. ಬೇಟೆಯ ಕಾಲದಲ್ಲಿ ಇದರ ಬೆಲೆಯನ್ನು ಪ್ರಾಣಿ ತೆರುತ್ತಿತ್ತು. ಮಣಿ ಕಾಣದೆ ಹೊಡೆದ ಈಡು ಪ್ರಾಣ ತೆಗೆಯದೆ ಹೊಟ್ಟೆಗೋ ಕಾಲಿಗೋ ಬೀಳುತ್ತಿತ್ತು. ಗಾಯಗೊಂಡ ಪ್ರಾಣಿ ಪೊದೆಯಲ್ಲಿ ನರಳಿ ಸಾಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕತೆ ಮುಗಿದಿದೆ, ಮುಗಿದದ್ದೇ ಒಳ್ಳೆಯದಾಯಿತು. ಆದರೆ ಬೇಟೆಗೆಂದು ಮಾಡಿದ ಕೋವಿಗಳು ಮನೆಗಳಲ್ಲಿ ಉಳಿದಿವೆ. ಅವುಗಳ ತುದಿಯ ಮಣಿ ಅಜ್ಜನ ಕಣ್ಣಿಗೆ, ಕಾಡಿನ ಬೆಳಕಿಗೆ ಹೊಂದಿಸಿದ್ದು. ಮೊಮ್ಮಗನ ಕಣ್ಣಿಗೂ ಬಯಲಿನ ಬೆಳಕಿಗೂ ಅಲ್ಲ.

ಮೂರು ದೂರ, ಒಂದೇ ಕಣ್ಣು

ತೆರೆದ ಸೈಟಿನಲ್ಲಿ ಗುರಿ ಹಿಡಿಯುವವನು ಏಕಕಾಲಕ್ಕೆ ಮೂರು ವಸ್ತು ನೋಡಬೇಕು. ಕಣ್ಣಿಗೆ ಹತ್ತಿರದಲ್ಲಿ ಹಿಂದಿನ ಸೈಟಿನ ಕಚ್ಚು. ಸುಮಾರು ಒಂದು ಮೀಟರ್ ಆಚೆ, ನಳಿಗೆಯ ತುದಿಯಲ್ಲಿ, ಮುಂದಿನ ಸೈಟು: ಒಂದು ಮಣಿ ಅಥವಾ ಸಣ್ಣ ಕಂಬ. ಬಹು ದೂರದಲ್ಲಿ ಗುರಿ. ಮನುಷ್ಯನ ಕಣ್ಣು ಒಂದು ಕ್ಷಣಕ್ಕೆ ಒಂದೇ ದೂರಕ್ಕೆ ನಿಚ್ಚಳವಾಗಬಲ್ಲದು. ಉಳಿದೆರಡು ಮಸುಕಾಗಲೇಬೇಕು.

ಹಾಗಾದರೆ ಯಾವುದು ನಿಚ್ಚಳವಾಗಿರಬೇಕು? ಹೊಸಬರೆಲ್ಲ ಗುರಿಯನ್ನೇ ನೋಡುತ್ತಾರೆ. ಪಳಗಿದವರು ತುದಿಯ ಮಣಿಯನ್ನು ನೋಡುತ್ತಾರೆ. ಕಾರಣ ಲೆಕ್ಕದಲ್ಲಿದೆ. ಗುರಿ ಸ್ವಲ್ಪ ಮಂಜಾದರೂ ಅದರ ನಡುವನ್ನು ಕಣ್ಣು ಅಂದಾಜು ಮಾಡಿಕೊಳ್ಳುತ್ತದೆ. ಮಣಿ ಮಂಜಾದರೆ ಅದು ಕಚ್ಚಿನ ನಡುವೆ ಇದೆಯೋ, ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದೆಯೋ ತಿಳಿಯುವುದೇ ಇಲ್ಲ. ಆ ಅರ್ಧ ಮಿಲಿಮೀಟರ್ ದೂರ ಹೋದಷ್ಟೂ ಬೆಳೆಯುತ್ತದೆ.

> ಒಂದು ಮಿಲಿಮೀಟರಿನ ಬೆಲೆ
>
> ಎರಡು ಸೈಟುಗಳ ನಡುವಿನ ಅಂತರ 50 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮುಂದಿನ ಮಣಿ 1 ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡು 50 ಮೀಟರಿನಲ್ಲಿ 10 ಸೆಂ.ಮೀ., 100 ಮೀಟರಿನಲ್ಲಿ 20 ಸೆಂ.ಮೀ. ಆಚೆ ಬೀಳುತ್ತದೆ. ಸಿಪ್ಪೆ ಸಮೇತದ ತೆಂಗಿನಕಾಯಿಯ ನಡುವಿಗೆ ಇಟ್ಟ ಗುರಿ 50 ಮೀಟರಿನಲ್ಲೇ ಕಾಯಿಯ ಅಂಚಿಗೆ ಬಂದುಬಿಡುತ್ತದೆ. ನಳಿಗೆ ಗಿಡ್ಡವಾಗಿ ಸೈಟುಗಳ ಅಂತರ ಕಡಿಮೆಯಾದರೆ ತಪ್ಪು ಇನ್ನೂ ಹಿಗ್ಗುತ್ತದೆ.

ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಗಡುಸಾಗುತ್ತ ಬರುತ್ತದೆ. ಚಾಳೀಸು ಎನ್ನುವುದು ಇದನ್ನೇ. ಹತ್ತಿರದ್ದು ಮೊದಲು ಮಸುಕಾಗುತ್ತದೆ, ಆದ್ದರಿಂದ ಹಿಂದಿನ ಸೈಟಿನ ಕಚ್ಚು ಮೊದಲು ಕೈಕೊಡುತ್ತದೆ. ಕೆಲವು ವರ್ಷಗಳ ನಂತರ ತುದಿಯ ಮಣಿಯ ಸರದಿ.

ಸಂಜೆಗತ್ತಲಲ್ಲಿ ಪೆಟ್ಟು ಇಮ್ಮಡಿ. ಬೆಳಕು ಕಡಿಮೆಯಾದಾಗ ಪಾಪೆ ಹಿಗ್ಗುತ್ತದೆ. ಪಾಪೆ ಹಿಗ್ಗಿದಷ್ಟೂ ನಿಚ್ಚಳವಾಗಿ ಕಾಣುವ ದೂರದ ವ್ಯಾಪ್ತಿ ಕುಗ್ಗುತ್ತದೆ. ಅಂದರೆ ಮಣಿಯ ಮೇಲೆ ಬೆಳಕೂ ಇಲ್ಲ, ಅದನ್ನು ಹಿಡಿಯುವ ಶಕ್ತಿ ಕಣ್ಣಿಗೂ ಇಲ್ಲ. ನಡುಹಗಲು ನಿಚ್ಚಳವಾಗಿ ಕಂಡ ಸೈಟು ಸಂಜೆ ಆರಕ್ಕೆ ಮಾಯವಾಗುವುದು ಇದರಿಂದ.

ಕಾಡುಹಂದಿಯ ಕೋರೆ, ಹಿತ್ತಾಳೆ, ಚಂದ್ರಮಣಿ

ಈ ಕಷ್ಟ ಹಳೆಯದು, ಮದ್ದು ಹುಡುಕಿದವರೂ ಹಳಬರು. ಅಮೆರಿಕದ ವಿಲಿಯಂ ಲೈಮನ್ 1879ರಲ್ಲಿ ಹಿಂದಿನ ಸೈಟಿಗೆ ಕಚ್ಚಿನ ಬದಲು ದುಂಡಗಿನ ತೂತು ಇಟ್ಟು ಹಕ್ಕುಪತ್ರ ಪಡೆದ. ಕಣ್ಣಿಗೆ ಹತ್ತಿರದ ತೂತಿನ ಮೂಲಕ ನೋಡಿದಾಗ ಮಣಿಯೂ ಗುರಿಯೂ ಒಟ್ಟಿಗೆ ನಿಚ್ಚಳವಾಗುತ್ತವೆ. ದೂರದ ಬಸ್ಸಿನ ಬೋರ್ಡು ಕಾಣದಾಗ ನಾವು ಕಣ್ಣು ಕಿರಿದು ಮಾಡಿ ಓದುತ್ತೇವಲ್ಲ, ಅದೇ ತಂತ್ರ. ತೂತಿನ ನಡುವನ್ನು ಕಣ್ಣು ತಾನಾಗಿಯೇ ಹುಡುಕಿಕೊಳ್ಳುವುದರಿಂದ ನೋಡಬೇಕಾದ ಮೂರು ವಸ್ತುಗಳಲ್ಲಿ ಒಂದು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ನನ್ನ ಮಟ್ಟಿಗೆ, ವಯಸ್ಸಾದ ಕಣ್ಣಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಸೈಟೂ ಮಾಡಿಲ್ಲ. ಕಾಡಿನ ಬೆಳಕಿಗೆ ತೂತು ಮಾತ್ರ ದೊಡ್ಡದಿರಬೇಕು; ಪಂದ್ಯದ ರೈಫಲ್ಲಿನ ಸೂಜಿತೂತು ಮುಸ್ಸಂಜೆಯಲ್ಲಿ ಕತ್ತಲನ್ನಷ್ಟೇ ತೋರಿಸುತ್ತದೆ.

ಮುಂದಿನ ಸೈಟಿನ ಮಣಿಗೆ ಬ್ರಿಟಿಷ್ ಮತ್ತು ಅಮೆರಿಕದ ಕಸುಬುದಾರರು ದಂತ, ಬೆಳ್ಳಿ, ಹಿತ್ತಾಳೆ, ಚಿನ್ನ ಎಲ್ಲವನ್ನೂ ಬಳಸಿದರು. ಆಫ್ರಿಕ ಮತ್ತು ಭಾರತದ ಶಿಕಾರಿಗೆಂದು ಮಾಡಿದ ದುಬಾರಿ ರೈಫಲ್ಲುಗಳಲ್ಲಿ ಇನ್ನೊಂದು ಏರ್ಪಾಡಿತ್ತು. ಹಗಲಿಗೆ ಸಣ್ಣ ಮಣಿ. ಅದರ ಬುಡದಲ್ಲಿ ಮಡಚಿಟ್ಟ ದೊಡ್ಡ ಬಿಳಿ ಮಣಿ. ಬೆಳದಿಂಗಳಲ್ಲಿ ಮಚಾನಿನ ಮೇಲೆ ಕೂತವನು ಬೆರಳಿನಿಂದ ದೊಡ್ಡದನ್ನು ಎತ್ತಿ ನಿಲ್ಲಿಸುತ್ತಿದ್ದ. ಅದಕ್ಕೆ ಚಂದ್ರಸೈಟು ಎಂದೇ ಹೆಸರು. ಹಿಂದಿನ ಸೈಟಿನ ಅಗಲವಾದ ವಿ ಆಕಾರದ ನಡುವೆ ಬೆಳ್ಳಿಯದೋ ಪ್ಲಾಟಿನಮ್ಮಿನದೋ ಗೆರೆ ಇರುತ್ತಿತ್ತು; ಗೆರೆಯ ಮೇಲೆ ಮಣಿ ಕೂರಿಸಿದರೆ ಗುರಿ ಸಿದ್ಧ.

ಬೆಳದಿಂಗಳೂ ಇಲ್ಲದಾಗ ಮಣಿಯ ಗಾತ್ರ ಎಷ್ಟಿದ್ದರೂ ವ್ಯರ್ಥ. ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದವರಿಗೆ ಕೊನೆಯ ರಾತ್ರಿ ನೆನಪಿರುತ್ತದೆ. 1926ರ ಮೇ ತಿಂಗಳು, ಗೋಲಾಬ್ರಾಯ್‌ನ ಮಾವಿನ ಮರ, ಕೆಳಗೆ ಕಟ್ಟಿದ ಆಡು. ನರಭಕ್ಷಕ ಚಿರತೆಗಾಗಿ ಕಾದು ಕೂತ ಜಿಮ್ ಕಾರ್ಬೆಟ್‌ಗೆ ಆ ಕತ್ತಲಲ್ಲಿ ದಾರಿ ತೋರಿಸಿದ್ದು ರೈಫಲ್ಲಿಗೆ ಕಟ್ಟಿದ ಟಾರ್ಚು. ಕೆನೆತ್ ಆಂಡರ್ಸನ್ನರ ಕತೆಗಳಲ್ಲೂ ಪಾಯಿಂಟ್ 405 ವಿಂಚೆಸ್ಟರ್ ರೈಫಲ್ಲಿಗೆ ಸಿಕ್ಕಿಸಿದ ಟಾರ್ಚು ಮತ್ತೆ ಮತ್ತೆ ಬರುತ್ತದೆ. ಟಾರ್ಚು ಕಟ್ಟುವುದರಲ್ಲೂ ಒಂದು ಸೂಕ್ಷ್ಮವಿದೆ. ಬೆಳಕು ಗುರಿಗೆ ಬಿದ್ದರೆ ಸಾಲದು, ನಳಿಗೆಯ ತುದಿಯನ್ನೂ ಸವರಿಕೊಂಡು ಹೋಗಬೇಕು. ಮಣಿಯ ಮೇಲೆ ಬೆಳಕು ಹೆಚ್ಚಾದರೂ ಕಷ್ಟವೇ: ಅದು ಹೊಳೆದು ಕಣ್ಣು ಕುಕ್ಕಿಸುತ್ತದೆ, ಆಚೆಗಿನದು ಕಾಣದಾಗುತ್ತದೆ.

ಹಳೆಯ ದಂತದ ಮಣಿಗಳು ಇಂದು ಹಳದಿಗಟ್ಟಿವೆ, ಬಿರುಕು ಬಿಟ್ಟಿವೆ, ಹಲವು ಉದುರಿಯೇ ಹೋಗಿವೆ. ಆನೆದಂತದ ವ್ಯಾಪಾರ ನಿಂತಿದೆ. ವಿದೇಶದ ಕಸುಬುದಾರರು ಈಗ ಆಫ್ರಿಕದ ಕಾಡುಹಂದಿಯ ಕೋರೆಯನ್ನು, ಪಿಂಗಾಣಿಯನ್ನು, ಪ್ಲಾಸ್ಟಿಕ್ಕನ್ನು ಬಳಸುತ್ತಾರೆ. ಮನೆಯ ಕೋವಿಗೆ ಮಣಿ ಬೇಕೆಂದು ಯಾರೂ ದಂತದ ಚೂರು ಹುಡುಕಬೇಕಿಲ್ಲ. ಅದು ಅಪರಾಧವೂ ಹೌದು, ಅಗತ್ಯವೂ ಇಲ್ಲ.

ಬಿಳಿಯೋ ಕಪ್ಪೋ?

ಸೈಟು ಕಾಣುತ್ತಿಲ್ಲ ಎಂದ ಕೂಡಲೇ ಎಲ್ಲರೂ ಬಣ್ಣದ ಡಬ್ಬಿಗೆ ಕೈಹಾಕುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಮಣಿಯ ಹಿಂದೆ ಏನಿದೆ? ಕಪ್ಪು ಮಣಿ ಕಪ್ಪು ಹಿನ್ನೆಲೆಯಲ್ಲಿ ಕಾಣದು. ಬಿಳಿ ಮಣಿ ಬಿಳಿ ಕಾಗದದ ಮೇಲೆ ಕಾಣದು. ಕಾಫಿ ತೋಟದ ನೆರಳಿನಲ್ಲಿ ಕಂದು ಕಾಡುಹಂದಿಯ ಮೈಮೇಲೆ ಬಿಳಿ ಅಥವಾ ಕಿತ್ತಳೆ ಮಣಿ ಎದ್ದು ಕಾಣುತ್ತಿತ್ತು, ಹಾಗಾಗಿ ಶಿಕಾರಿಯ ಕೋವಿಗಳಿಗೆ ಹೊಳಪು ಬೇಕಿತ್ತು. ಬಿಳಿ ಹಾಳೆಯ ಮೇಲಿನ ಕಪ್ಪು ವೃತ್ತಕ್ಕೆ ಹೊಡೆಯುವ ಪಂದ್ಯದವನಿಗೆ ಬೇಕಾದದ್ದು ಅಂಚು ಚೂಪಾದ, ಹೊಳಪೇ ಇಲ್ಲದ ಕಪ್ಪು ಕಂಬ.

ಬಿಸಿಲಿನಲ್ಲಿ ಸವೆದು ಹೊಳಪಾದ ಉಕ್ಕಿನ ಮಣಿ ಮಾಡುವ ಮೋಸ ಬೇರೆಯೇ. ಸೂರ್ಯ ಬಲಕ್ಕಿದ್ದರೆ ದುಂಡು ಮಣಿಯ ಬಲಭಾಗವಷ್ಟೇ ಬೆಳಗುತ್ತದೆ. ಕಣ್ಣು ಆ ಹೊಳೆವ ಚುಕ್ಕೆಯನ್ನೇ ಮಣಿ ಎಂದು ನಂಬಿ ಗುರಿಗೆ ಹೊಂದಿಸುತ್ತದೆ. ಮಣಿಯ ನಿಜವಾದ ನಡು ಎಡಕ್ಕೆ ಉಳಿಯುತ್ತದೆ, ಗುಂಡೂ ಎಡಕ್ಕೆ ಹೋಗುತ್ತದೆ. ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ತಪ್ಪುವ ಕೋವಿಯನ್ನು ‘ನಳಿಗೆ ಸೊಟ್ಟ’ ಎಂದು ಬೈಯುವವರು ಮೊದಲು ಮಣಿಯ ಹೊಳಪು ನೋಡಬೇಕು.

ಈ ಹೊಳಪಿಗೆ ಮದ್ದು ಮಸಿ. ಪಂದ್ಯಗಾರರು ಕಾರ್ಬೈಡ್ ದೀಪದ ಹೊಗೆ ಹಿಡಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಕರ್ಪೂರ ಇದ್ದೇ ಇದೆ. ಖಾಲಿ ಕೋವಿಯ ತುದಿಯನ್ನು ಎಣ್ಣೆ ಒರೆಸಿ, ಉರಿಯುವ ಕರ್ಪೂರದ ಹೊಗೆಗೆ ಕ್ಷಣಕಾಲ ಹಿಡಿದರೆ ಮಣಿಯ ಮೇಲೆ ಮಖಮಲ್ಲಿನ ಕಪ್ಪು ಕೂರುತ್ತದೆ. ಬೆರಳು ತಾಗಿದರೆ ಹೋಗುತ್ತದೆ, ನಿಜ. ಒಂದು ಸ್ಪರ್ಧೆಗೆ ಅಷ್ಟು ಸಾಕು. ಮದ್ದು, ತೋಟಾ ಹತ್ತಿರ ಇರಬಾರದೆಂದು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ.

ಅಮೆರಿಕದವರು ಇದೇ ಮೋಸಕ್ಕೆ ಶಾಶ್ವತ ಉತ್ತರವನ್ನೂ ಕಂಡುಕೊಂಡರು. ದುಂಡು ಮಣಿಯ ಬದಲು ಚೌಕ ಕಂಬ. ಅದರ ಮುಖದಲ್ಲಿ ಆಕಾಶದ ಕಡೆಗೆ ಓರೆಯಾಗಿ ಕೂರಿಸಿದ ಹಿತ್ತಾಳೆಯ ಚಪ್ಪಟೆ ತುಣುಕು. ರೆಡ್‌ಫೀಲ್ಡ್ ಕಂಪನಿಯ ‘ಸೋರ್‌ಡೋ’ ಸೈಟು ಹೀಗಿತ್ತು. ಬೆಳಕು ಎಡದಿಂದ ಬರಲಿ ಬಲದಿಂದ ಬರಲಿ, ಚಪ್ಪಟೆ ಮುಖ ಇಡಿಯಾಗಿ ಬೆಳಗುತ್ತದೆ.

ಮನೆಯಲ್ಲೇ ಒಂದು ಹನಿ

ಬಣ್ಣ ಹಚ್ಚುವುದೇ ಆದರೆ ಕ್ರಮವಾಗಿ ಹಚ್ಚಬೇಕು. ಕೋವಿ ಖಾಲಿ ಇದೆಯೆಂದು ಕಣ್ಣಿನಲ್ಲಿ ನೋಡಿ, ಬೆರಳಿನಲ್ಲಿ ಮುಟ್ಟಿ ಖಚಿತ ಮಾಡಿಕೊಳ್ಳಿ. ಮಣಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಎಣ್ಣೆ ಜಿಡ್ಡು ಉಳಿದರೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಮೊದಲು ಬಿಳಿಯ ತೆಳು ಲೇಪ. ಅದು ಒಣಗಿದ ಮೇಲೆ ಕಿತ್ತಳೆಯೋ ಎಳೆ ಹಸಿರೋ. ಉಕ್ಕಿನ ಮೇಲೆ ನೇರವಾಗಿ ಹಚ್ಚಿದ ಹೊಳಪು ಬಣ್ಣ ಕಂದಿಹೋಗುತ್ತದೆ, ಅಡಿಯ ಬಿಳಿ ಅದನ್ನು ಬೆಳಗಿಸುತ್ತದೆ. ಉಗುರುಬಣ್ಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬೇಡವಾದರೆ ಅದನ್ನು ತೆಗೆಯುವ ದ್ರಾವಣದಲ್ಲಿ ಒರೆಸಿದರೆ ಅಜ್ಜನ ಕಾಲದ ಉಕ್ಕು ಹಾಗೇ ಉಳಿದಿರುತ್ತದೆ. ಕಣ್ಣಿಗೆ ಎದುರಾಗುವ ಮುಖಕ್ಕೆ ಮಾತ್ರ ಹಚ್ಚಿ. ಪಕ್ಕ, ನೆತ್ತಿಗೆ ಬಣ್ಣ ಮೆತ್ತಿದರೆ ಅಂಚು ಕೆಡುತ್ತದೆ, ಗುರಿಯ ಎತ್ತರವೂ ಕೆಡುತ್ತದೆ.

ಯಾವ ಬಣ್ಣ? ಹಗಲು ನಮ್ಮ ಕಣ್ಣು ಹಳದಿ ಬೆರೆತ ಹಸಿರಿಗೆ ಅತಿ ಚುರುಕು. ಕತ್ತಲಾಗುತ್ತ ಆ ಚುರುಕು ನೀಲಿಹಸಿರಿನತ್ತ ಜಾರುತ್ತದೆ, ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಆದ್ದರಿಂದ ಮುಸ್ಸಂಜೆಗೆ ಕೆಂಪು ಮಣಿ ನಂಬುವಂಥದ್ದಲ್ಲ. ಆದರೆ ಮಳೆಗಾಲದ ಕೊಡಗಿನಲ್ಲಿ ಗುರಿಯ ಸುತ್ತ ಎಲ್ಲವೂ ಹಸಿರು. ಅಲ್ಲಿ ಹಸಿರು ಮಣಿ ಕಳೆದುಹೋಗುತ್ತದೆ. ಹಗಲಿನ ತೆಂಗಿನಕಾಯಿಗೆ ನಾನು ಕಿತ್ತಳೆಯನ್ನೇ ಆರಿಸುತ್ತೇನೆ. ಕೆಂಪು–ಹಸಿರು ಗುರುತಿಸಲಾಗದ ಬಣ್ಣಗುರುಡು ಇರುವವರಿಗೆ ಬಿಳಿಯೇ ಲೇಸು.

ಈಗ ಅಂಗಡಿಗಳಲ್ಲಿ ಫೈಬರ್ ಆಪ್ಟಿಕ್ ಮಣಿ ಸಿಗುತ್ತದೆ. ಬಣ್ಣದ ಪ್ಲಾಸ್ಟಿಕ್ ಕಡ್ಡಿ ತನ್ನ ಮೈಯುದ್ದಕ್ಕೂ ಬೆಳಕು ಹೀರಿ ತುದಿಯಲ್ಲಿ ಕೆಂಡದ ಚುಕ್ಕೆಯಾಗಿ ಉಗುಳುತ್ತದೆ. ಬ್ಯಾಟರಿ ಬೇಡ. ಮೋಡದ ಹಗಲಿಗೆ ಅದ್ಭುತ. ಆದರೆ ಅದು ಬೆಳಕು ಹುಟ್ಟಿಸುವುದಿಲ್ಲ, ಸುತ್ತಲಿನ ಬೆಳಕನ್ನು ಒಟ್ಟುಗೂಡಿಸುತ್ತದೆ ಅಷ್ಟೆ. ಕತ್ತಲಾದರೆ ಅದೂ ಕತ್ತಲೇ. ಕಡ್ಡಿ ಕೊಂಬೆಗೆ ಸಿಕ್ಕಿ ಮುರಿಯುವುದೂ ಉಂಟು. ದಪ್ಪ ಕಡ್ಡಿಯಾದರೆ ಬಿಸಿಲಿನಲ್ಲಿ ಪ್ರಭೆ ಹರಡಿ ಇಡೀ ಕಾಯಿಯನ್ನೇ ಮುಚ್ಚಿಬಿಡುತ್ತದೆ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಕಾಣದ ಮಣಿಗೆ ದೊಡ್ಡ ಮಣಿ ಪರಿಹಾರವೆಂದು ನಂಬುತ್ತಾರೆ. ಮಣಿ ದಪ್ಪವಾದಷ್ಟೂ ಗುರಿಯ ಹೆಚ್ಚು ಭಾಗ ಅದರ ಹಿಂದೆ ಅಡಗುತ್ತದೆ. ಕಚ್ಚಿನೊಳಗೆ ಮಣಿಯ ಎರಡೂ ಬದಿ ಬೆಳಕಿನ ಸಣ್ಣ ಗೆರೆ ಕಾಣಬೇಕು. ಆ ಎರಡು ಗೆರೆ ಸಮವಾಗಿದ್ದರೆ ಮಣಿ ನಡುವೆ ಇದೆಯೆಂದು ಅರ್ಥ. ದಪ್ಪ ಮಣಿ ಆ ಬೆಳಕನ್ನೇ ನುಂಗುತ್ತದೆ. ಎಷ್ಟೋ ಕೋವಿಗಳಲ್ಲಿ ಮುಂದಿನ ಸೈಟನ್ನು ಮುಟ್ಟದೆ ಹಿಂದಿನ ಕಚ್ಚನ್ನು ಅರದಿಂದ ಕೂದಲೆಳೆಯಷ್ಟು ಅಗಲಿಸಿದರೆ ಸಾಕು, ‘ಕಾಣದ’ ಮಣಿ ಕಾಣತೊಡಗುತ್ತದೆ. ಇನ್ನು ಕೆಲವು ರೈಫಲ್ಲುಗಳಲ್ಲಿ ಮಣಿಯ ರಕ್ಷಣೆಗೆಂದು ಉಕ್ಕಿನ ಕಮಾನು ಇರುತ್ತದೆ. ಸುಡುಬಿಸಿಲಿಗೆ ಅದು ಒಳ್ಳೆಯ ನೆರಳು. ಮೋಡದ ದಿನ ಅದನ್ನು ಕಳಚಿಟ್ಟು ನೋಡಿ.

> ಕಣ್ಣಿನ ಡಾಕ್ಟರಿಗೆ ಹೇಳಬೇಕಾದ್ದು
>
> ಓದುವ ಕನ್ನಡಕ ಸುಮಾರು 40 ಸೆಂ.ಮೀ. ದೂರಕ್ಕೆ ಮಾಡಿದ್ದು. ಅದನ್ನು ಹಾಕಿ ಗುರಿ ಹಿಡಿದರೆ ಕಾಯಿ ಪೂರ್ತಿ ಮಂಜು. ಕೆಳಭಾಗದಲ್ಲಿ ಓದುವ ನಂಬರಿರುವ ಕನ್ನಡಕ ಹಾಕಿದವರು ಕತ್ತು ಎತ್ತಿ ನೋಡಲು ಹೋಗಿ ಕೆನ್ನೆಯನ್ನೇ ಹಿಡಿಯಿಂದ ಬಿಡಿಸುತ್ತಾರೆ. ಕಣ್ಣಿನಿಂದ ಮಣಿಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದು ಡಾಕ್ಟರಿಗೆ ತಿಳಿಸಿ. ಅದು ಒಂದು ಮೀಟರಿನ ಆಸುಪಾಸಿದ್ದರೆ, ದೂರದೃಷ್ಟಿಯ ನಂಬರಿಗೆ +0.50 ಡಯಾಪ್ಟರ್ ಸೇರಿಸಿದ ಕನ್ನಡಕದಿಂದ ಮಣಿಗೂ ಗುರಿಗೂ ನಡುವಿನ ರಾಜಿ ಸಾಧ್ಯ. ಕೆಲವರಿಗೆ +0.75 ಹಿಡಿಸುತ್ತದೆ. ಪೊರೆ ಬಂದಿದ್ದರೆ ಯಾವ ಬಣ್ಣವೂ ನೆರವಾಗದು. ಮೊದಲು ಅದಕ್ಕೆ ಚಿಕಿತ್ಸೆ.

ಹನ್ನೆರಡು ಬೋರಿನ ತೋಟಾ ಕೋವಿಯ ಮಾತು ಸ್ವಲ್ಪ ಬೇರೆ. ಅದಕ್ಕೆ ಸಾಮಾನ್ಯವಾಗಿ ತುದಿಯಲ್ಲೊಂದು ಹಿತ್ತಾಳೆ ಮಣಿ ಬಿಟ್ಟರೆ ಹಿಂದಿನ ಸೈಟಿಲ್ಲ. ಹಾರುವ ಗುರಿಗೆ ಹೊಡೆಯುವಾಗ ನೋಟ ಗುರಿಯ ಮೇಲೇ ಇರಬೇಕು. ನಿಂತ ಕಾಯಿಗೆ ಹೊಡೆಯುವಾಗ ಹಿಂದಿನ ಸೈಟಿನ ಕೆಲಸವನ್ನು ಕೆನ್ನೆ ಮಾಡುತ್ತದೆ: ಪ್ರತಿ ಸಲ ಅದು ಒಂದೇ ಕಡೆ ಕೂರಬೇಕು.

ದುರ್ಬೀನು ಕೂರಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಗುರಿಯನ್ನೂ ಗುರಿಗೆರೆಯನ್ನೂ ಅದು ಒಂದೇ ದೂರದಲ್ಲಿ ತೋರಿಸುತ್ತದೆ, ಕಣ್ಣಿನ ತಾಪತ್ರಯ ತೀರುತ್ತದೆ. ಆದರೆ ಹಳೆಯ ರೈಫಲ್ಲಿಗೆ ದುರ್ಬೀನು ಕೂರಿಸಲು ಉಕ್ಕಿಗೆ ತೂತು ಕೊರೆಯಬೇಕು. ತೆರೆದ ಸೈಟಿನ ಸ್ಪರ್ಧೆಯಲ್ಲಿ ಅದಕ್ಕೆ ಜಾಗವೂ ಇಲ್ಲ. ತಲೆಮಾರುಗಳಿಂದ ಕನ್ನಿಕೋಂಬರೆ ಎಂಬ ಪೂಜೆಯ ಕೋಣೆಯಲ್ಲಿದ್ದು, ಹಬ್ಬದ ದಿನ ತೋಕ್‌ಪೂ ಮುಡಿಸಿಕೊಂಡು ಹೊರಬರುವ ಕೋವಿಗೆ ಡ್ರಿಲ್ಲು ಹಾಕಿಸಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

> ಕೊಡಗು ಮತ್ತು ಕೋವಿ
>
> ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಕೊಡವರಿಗೆ ಆಯುಧ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ಇಂದಿಗೂ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಆ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್‌ನಲ್ಲಿ ಕೋವಿ, ಕತ್ತಿಗಳಿಗೆ ಪೂಜೆ. ನಳಿಗೆಗೆ ಸಿಕ್ಕಿಸುವ ತೋಕ್‌ಪೂ ಎಂದರೆ ಅಗ್ನಿಶಿಖೆ ಬಳ್ಳಿಯ ಕೆಂಪು–ಹಳದಿ ಹೂ. ಪೂಜೆಯ ನಂತರ ಕಡಂಬುಟ್ಟು, ಪಂದಿಕರಿ, ಆಮೇಲೆ ತೆಂಗಿನಕಾಯಿ.

ಮಣಿ ಬದಲಿಸಿದ ಮೇಲೆ

ಬಣ್ಣ, ಮಸಿ, ಕನ್ನಡಕ ಯಾವುದೂ ಹಿಡಿಸದೆ ಮಣಿಯನ್ನೇ ಬದಲಿಸುವುದಾದರೆ ಪರವಾನಗಿ ಇರುವ ಕೋವಿ ರಿಪೇರಿಯವರ ಬಳಿ ಹೋಗಿ. ಹಲವು ರೈಫಲ್ಲುಗಳಲ್ಲಿ ಮುಂದಿನ ಸೈಟು ಅಡ್ಡಗಾಡಿಯಲ್ಲಿ ಬಿಗಿಯಾಗಿ ಕೂತಿರುತ್ತದೆ. ಹಿತ್ತಾಳೆಯ ಮೊಳೆ ಇಟ್ಟು ತಟ್ಟಿ ಜಾರಿಸಬೇಕು. ಕಬ್ಬಿಣದ ಸುತ್ತಿಗೆಯಿಂದ ನೇರ ಬಡಿದರೆ ಗಾಡಿಯ ಅಂಚು ಹಾಳು. ಬೆಸುಗೆ ಹಾಕಿದ ಮಣಿಯಾದರೆ ನಳಿಗೆಯ ಬಾಯಿಗೆ ಕಾವು ಹೆಚ್ಚಾಗದಂತೆ ನೋಡಿಕೊಳ್ಳುವ ಕೈ ಬೇಕು.

ಹೊಸ ಮಣಿ ಕೂರಿಸಿದ ಕೋವಿ ಹಳೆಯ ಕಡೆಗೇ ಹೊಡೆಯುತ್ತದೆಂದು ನಂಬಿ ನೇರ ಸ್ಪರ್ಧೆಗೆ ಹೋಗಬಾರದು. ಹಿಂದೆ ಗಟ್ಟಿ ಮಣ್ಣಿನ ದಿಬ್ಬವಿರುವ ಅಧಿಕೃತ ಜಾಗದಲ್ಲಿ, ಕೋವಿಯನ್ನು ಮರಳುಚೀಲದ ಮೇಲಿಟ್ಟು, ಕಾಗದಕ್ಕೆ ಮೂರು ಮೂರು ಗುಂಡು ಹೊಡೆದು ನೋಡಬೇಕು. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ದಿಕ್ಕಿಗೇ ಸರಿಸುವುದು. ಮುಂದಿನದನ್ನು ಅದರ ವಿರುದ್ಧ ದಿಕ್ಕಿಗೆ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಮುಂದಿನ ಮಣಿಯನ್ನು ಎಡಕ್ಕೇ ತಟ್ಟಬೇಕು. ಮಣಿ ಎತ್ತರವಾದರೆ ಗುಂಡು ಕೆಳಗೆ, ಗಿಡ್ಡವಾದರೆ ಮೇಲೆ.

ಆದ್ದರಿಂದ ಜಾಣ ಕಸುಬುದಾರ ಬೇಕಾದ್ದಕ್ಕಿಂತ ತುಸು ಎತ್ತರದ ಮಣಿಯನ್ನೇ ಕೂರಿಸಿ ಕೊಡುತ್ತಾನೆ. ಸೈಟುಗಳ ಅಂತರ 50 ಸೆಂ.ಮೀ. ಇರುವ ರೈಫಲ್ಲು 50 ಮೀಟರಿನಲ್ಲಿ 10 ಸೆಂ.ಮೀ. ಕೆಳಗೆ ಹೊಡೆದರೆ ಮಣಿ 1 ಮಿ.ಮೀ. ಹೆಚ್ಚಾಗಿದೆ ಎಂದು ಲೆಕ್ಕ. ಆ ಒಂದು ಮಿಲಿಮೀಟರನ್ನು ಒಮ್ಮೆಗೇ ಉಜ್ಜಬಾರದು. ನಯವಾದ ಅರದಿಂದ ಎರಡು ಎಳೆತ, ಮೂರು ಗುಂಡು. ಮತ್ತೆರಡು ಎಳೆತ, ಮತ್ತೆ ಮೂರು ಗುಂಡು. ಗುಂಡು ಕಾಗದದ ಮೇಲೆ ಏರುತ್ತ ಬಂದು ನಡುವನ್ನು ಮುಟ್ಟುವ ತುಸು ಮೊದಲೇ ಅರ ಕೆಳಗಿಡಿ. ಉಜ್ಜಿದ ನೆತ್ತಿಯನ್ನು ನುಣುಪು ಮಾಡುವಾಗ ಉಳಿದ ಕೂದಲೆಳೆ ತಾನಾಗಿಯೇ ಹೋಗುತ್ತದೆ. ಬಣ್ಣದ ಹನಿ ಇಡುವುದು ಅದಾದ ಮೇಲೆ.